ಬೆಳ್ಳಗೆ ಬಂದ ಬಿಳಿ ಅಂಗಿ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಕಾಯಿಪಲ್ಲೆಯವಳು ಕೊಸರು ಹಾಕಿದರೂ ಯಾಕೆ ಹಾಕಿದಳೆಂದು ದಾರಿಯುದ್ದ ಯೋಚಿಸುವವಳು ನಾನು. "ಈಕಿ ಮೊಸರಾಗೂ ಕಲ್ಲು ಹುಡುಕಾಕಿ" ಎಂದು ನಮ್ಮತ್ತೆ ಓಣಿಗೆಲ್ಲ ಹೇಳಿಟ್ಟಿದ್ದಾರೆ.

ಲೋಕದ ತಾಯಂದಿರು ಮಕ್ಕಳ ಅಂಗಿ ಕೊಳೆಯಾದರೆ ಕೂಗಾಡುತ್ತಾರೆ. ನನ್ನ ನೆಮ್ಮದಿ ಕೆಡಿಸಿದ್ದು ಏಳನೆಯ ತರಗತಿಯ ಮಗಳು ಭಾಗ್ಯಳ ಸ್ವಚ್ಛ ಅಂಗಿ. ಶನಿವಾರ ಆಟದ ಪಿರಿಯಡ್ ಎಂದು ಬಿಳಿ ಅಂಗಿ ತೊಟ್ಟು ಹೋದವಳು ಅಷ್ಟೇ ಬೆಳ್ಳಗೆ ಮರಳುತ್ತಿದ್ದಳು. ಮುದ್ದೇಬಿಹಾಳದ ಎರೆಮಣ್ಣಿನಲ್ಲಿ ಸುಮ್ಮನೆ ನಡೆದರೂ ಸೀರೆಯ ಅಂಚು ಕಪ್ಪಾಗುತ್ತದೆ. ಖೋ ಖೋ ಆಡಿದವಳಿಗೆ ಒಂದು ಕಲೆ ಬೇಡವೇ? ಮೇಲಾಗಿ ಮಾಳಿಗೆಯ ಮೆಟ್ಟಿಲು ಹತ್ತಿದರೆ ಈ ಹುಡುಗಿ ಅತ್ತೆಗಿಂತ ಹೆಚ್ಚು ಏದುಸಿರು ಬಿಡುತ್ತಾಳೆ. ನನಗೆ ನಿಜಕ್ಕೂ ಹೆದರಿಕೆಯಾಗಿ ಅವಳನ್ನೇ ಕೇಳಿದೆ.

"ಆಟ ಎಲ್ಲೈತಿ ಅವ್ವಾ? ಆ ಪಿರಿಯಡ್‌ನಾಗ ಗಣಿತ ಮಾಡಸ್ತಾರ. ಆಟದ ಸರ್ ಆಫೀಸ್‌ನಾಗ ಕಂಪ್ಯೂಟರ್ ಮುಂದ ಕುಂತಿರ್ತಾರ" ಎಂದಳು.

ಶಾಲೆಗೆ ಹೋದೆ. "ಬರ್ರಿ ಅಕ್ಕಾರ, ಮುಂದಿನ ಶನಿವಾರದಿಂದ ಆಡಸ್ತೇವ್ರಿ" ಎಂದು ಹೆಡ್‌ಮಾಸ್ತರರು ಚಹಾ ಕೂಡ ತರಿಸಿದರು. ಚಹಾ ಬಂದದ್ದೇ ನನ್ನ ಅನುಮಾನ ಇಮ್ಮಡಿಯಾಯಿತು.

ಆದರೆ ಶನಿವಾರ ಅಂಗಿ ಕಪ್ಪಾಗಿ ಬಂತು! ಹಿಗ್ಗಿ ಹೀರೆಕಾಯಿಯಾಗಿ ಅತ್ತೆಗೂ ತೋರಿಸಿದೆ. ಸೋಪು ಹಚ್ಚುವಾಗ ಕಂಡಿತು: ಮಣ್ಣೆಲ್ಲ ಹೊಟ್ಟೆಯ ಮೇಲೆ, ಕಾಲುಚೀಲ ಮಾತ್ರ ಹಾಲಿನಂತೆ ಬಿಳಿ. ಖೋ ಖೋ ಏನು ಹೊಟ್ಟೆಯ ಮೇಲೆ ಆಡುತ್ತಾರೆಯೇ?

"ಖರೇ ಹೇಳು" ಎಂದೆ.

"ಗಣಿತ ಮುಗದ ಮ್ಯಾಲ, ಎಲ್ಲಾರೂ ಒಂದೀಟು ಮಣ್ಣು ಹಚ್ಕೊಂಡು ಮನಿಗೆ ಹೋಗ್ರಿ, ಭಾಗ್ಯಾನ ಅವ್ವಾರು ನೋಡ್ತಾರ ಅಂತ ಹೆಡ್‌ಮಾಸ್ತರು ಅಂದ್ರು." ಆಮೇಲೆ ತಲೆ ತಗ್ಗಿಸಿದಳು. "ನನಗ ಖರೇನ ಓಡಬೇಕು ಅನಸ್ತೈತಿ ಅವ್ವಾ."

ಅತ್ತೆ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಆ ಅಂಗಿಯನ್ನು ಕಲ್ಲಿಗೆ ಎತ್ತಿ ಎತ್ತಿ ಒಗೆದೆ.

ಮರು ಶನಿವಾರ ಶಾಲೆಯ ಮೈದಾನಕ್ಕೇ ಹೋಗಿ ನಿಂತೆ. ಲೆಕ್ಕ ಕಲಿಯುವ ತಲೆಯನ್ನು ಹೊರುವುದು ಮೈಯೇ ಅಲ್ಲವೇ, ಅದಕ್ಕೂ ಪಾಠ ಬೇಡವೇ ಎಂದು, ನನ್ನನ್ನು ಕಂಡು ಹೊರಬಂದ ಹೆಡ್‌ಮಾಸ್ತರರಿಗೆ ಭಾಷಣ ಬಿಗಿದೆ. ಅವರು ಸೋತು ಆಟದ ಸರ್ ಅವರನ್ನು ಆಫೀಸಿನಿಂದ ಹೊರಗೆ ಕರೆದರು. ಆ ಮನುಷ್ಯ ಜೇಲಿನಿಂದ ಬಿಟ್ಟವರ ಹಾಗೆ ಓಡಿಬಂದು ಸೀಟಿ ಊದಿದರು. ಮಕ್ಕಳು ಬಂದು ಕೂತ ಖೋ ಖೋ ಸಾಲಿನಲ್ಲಿ ಒಬ್ಬರು ಕಡಿಮೆ. "ಅಕ್ಕಾರ, ನೀವ ಕೂಡ್ರಿ" ಎಂದರು.

ಕೂತೆ. ಭಾಗ್ಯ ಓಡಿಬಂದು ನನ್ನ ಬೆನ್ನಿಗೆ ಬಡಿದು "ಖೋ!" ಎಂದಳು. ಎದ್ದೆ, ನಾಲ್ಕು ಹೆಜ್ಜೆ ಓಡಿದೆ, ಬಿದ್ದೆ. ಮಗಳು ಏದುಸಿರಿನ ನಡುವೆಯೇ ಕೇಕೆ ಹಾಕಿ ನಕ್ಕಳು. ಆ ಏದುಸಿರು ಕೇಳಿ ಮೊದಲ ಸಲ ನನಗೆ ಖುಷಿಯಾಯಿತು.

ಕುಂಟುತ್ತ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆದರು.

"ಸಾಲ್ಯಾಗ ಖೋ ಖೋ ಆಡಿದ್ನಿರಿ" ಎಂದೆ.

ಅವರು ನನ್ನನ್ನು ಒಂದು ಸುತ್ತು ತಿರುಗಿಸಿ, ಬೆನ್ನು ನೋಡಿ, ಸೀರೆಯ ಅಂಚು ನೋಡಿ, ಕೊನೆಗೆ ಕೇಳಿದರು:

"ಖರೇನ ಆಡೀಯೋ, ಮಣ್ಣು ಹಚ್ಕೊಂಡು ಬಂದೀಯೋ?"