ನಾಲ್ಕು ಜನ ಒಪ್ಪಿದ ಲ್ಯಾಪ್‌ಟಾಪ್

ಬ್ಯಾಂಡೆಲ್ ಲೋಕಲ್ ಟ್ರೈನಿನಲ್ಲಿ ಮೊಬೈಲ್ ತೆರೆದರೆ ಅದು ನಮ್ಮದಾಗಿ ಉಳಿಯುವುದಿಲ್ಲ, ಇಡೀ ಬೋಗಿಯದಾಗುತ್ತದೆ. ಇದು ಗೊತ್ತಿದ್ದೂ ಅರಿತ್ರ ಆ ಬೆಳಿಗ್ಗೆ ಚುಂಚುಡಾದಲ್ಲಿ ಹತ್ತಿದವನೇ ಕಂಬಿಗೆ ಒರಗಿ, ಎರಡು ಲ್ಯಾಪ್‌ಟಾಪ್‌ಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು ನೋಡತೊಡಗಿದ.

"ಎಡಗಡೇದು ಬೇಡ," ಎಂದಿತು ಅವನ ಮೊಣಕೈ ಹತ್ತಿರದ ಒಂದು ದನಿ.

ಕಿಟಕಿ ಬದಿಯಲ್ಲಿ ಎದುರುಬದುರು ಕೂತ ನಾಲ್ವರಲ್ಲಿ ದಪ್ಪಗಿದ್ದ ನಿತಾಯಿದಾನ ದನಿ ಅದು. ಈ ನಾಲ್ವರೂ ಬ್ಯಾಂಡೆಲ್‌ನಿಂದ ಹೌರಾವರೆಗೆ ದಿನವೂ ಇಸ್ಪೀಟು ಆಡಿಕೊಂಡು ಆಫೀಸಿಗೆ ಹೋಗುವವರು. ಆದರೆ ಪಕ್ಕದಲ್ಲೇ ಕೂರುತ್ತಿದ್ದ, ಎಲ್ಲರಿಗೂ ದೊಡ್ಡಪ್ಪನಂತಿದ್ದ ಗದಾಧರ ಜೇಠು ಹೋದ ವಾರ ನಿವೃತ್ತರಾದ ಮೇಲೆ ಆಟ ನಿಂತೇಹೋಗಿತ್ತು. ಅಂದಿನಿಂದ ನಾಲ್ವರೂ ಮದುವೆ ಮುಂದಕ್ಕೆ ಹೋದ ಮನೆಯ ಅಡಿಗೆಯವರ ಹಾಗೆ ಕೈ ಖಾಲಿ ಮಾಡಿಕೊಂಡು ಕೂತಿರುತ್ತಿದ್ದರು. ಅಂಥವರ ಮುಂದೆ ಅರಿತ್ರ ಲ್ಯಾಪ್‌ಟಾಪ್ ಚಿತ್ರ ತೆರೆದು ತೋರಿಸಿದ ಹಾಗಾಯಿತು.

"ಓದೋಕಾ?" ಎಂದ ನಿತಾಯಿದಾ.

"ಹ್ಞೂಂ ದಾದಾ. ಸಂಖ್ಯಾಶಾಸ್ತ್ರ, ಎಂ.ಎಸ್ಸಿ."

ಅಷ್ಟು ಹೇಳುವುದಕ್ಕೇ ಅವನ ಕಿವಿ ಕೆಂಪಾಗಿತ್ತು. ಮನೆಯಲ್ಲಿ ಚಿಕ್ಕಮ್ಮನ ಹಾರ್ಮೋನಿಯಂ ಪಾಠ, ಅಜ್ಜಿಯ ಟೀವಿ, ತಮ್ಮನ ಜಗಳ. ಓದಲು ಬರೆಯಲು ಅವನಿಗೆ ಉಳಿದಿದ್ದ ಹೊತ್ತೆಂದರೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ಈ ಟ್ರೈನಿನಲ್ಲಿ. ಅದಕ್ಕೇ ಹೆಗಲು ನೋಯದಷ್ಟು ಹಗುರವಾದ, ಶ್ರೀರಾಮಪುರ ಸ್ಟೇಷನ್ನಿನ ನೂಕುನುಗ್ಗಲಿಗೆ ಬಿರಿಯದಷ್ಟು ಗಟ್ಟಿಯಾದ ಲ್ಯಾಪ್‌ಟಾಪ್ ಬೇಕಿತ್ತು. ಎರಡು ವರ್ಷ ಟ್ಯೂಷನ್ ಹೇಳಿ ಹಣ ಕೂಡಿಸಿದ್ದ. ನಾಳೆ ಬೆಳಿಗ್ಗೆ ಕಾಲೇಜಿನ ಮೇಡಂಗೆ ಹತ್ತು ಪುಟದ ವರದಿ ಕೊಡಬೇಕಿತ್ತು. ಇವತ್ತು ಕೊಂಡು, ಸಂಜೆ ಟ್ರೈನಿನಲ್ಲಿ ಬರೆದುಬಿಡುವುದು ಅವನ ಲೆಕ್ಕ.

"ಬಲಗಡೇದು ಎಷ್ಟು ಅಗಲ?" ನಿತಾಯಿದಾನ ಎದುರಿಗಿದ್ದ ಮಾಖನ್‌ದಾ ಕನ್ನಡಕ ಮೇಲೆತ್ತಿದ.

"ಹದಿಮೂರು ಇಂಚು. ತುಂಬ ಹಗುರ."

"ಹದಿಮೂರು!" ಮಾಖನ್‌ದಾ ಸಾವಿನ ಸುದ್ದಿ ಕೇಳಿದವನ ಹಾಗೆ ಲೊಚಗುಟ್ಟಿದ. "ಅದರ ಮೇಲೆ ಏನು ಹಿಡಿಸುತ್ತೆ? ಹದಿನಾರಾದ್ರೂ ಬೇಕು."

ಉಳಿದಿಬ್ಬರು ಜೋರಾಗಿ ತಲೆಯಾಡಿಸಿದರು. ಆ ಗುಂಪಿನಲ್ಲಿ ಮಾತಾಡುವವರು ಇಬ್ಬರು, ಒಪ್ಪುವವರು ಇಬ್ಬರು.

"ಹದಿನಾರು ಭಾರ ಆಗುತ್ತೆ ದಾದಾ..."

"ಅಗಲಾನೂ ಇರಬೇಕು, ಹಗುರಾನೂ ಇರಬೇಕು. ಹುಡುಕಿದ್ರೆ ಸಿಗುತ್ತೆ. ನೀನೊಬ್ನೇ ಹೋದ್ರೆ ಅಂಗಡಿಯವನು ಟೋಪಿ ಹಾಕ್ತಾನೆ. ನಾವೂ ಬರ್ತೀವಿ."

"ಬೇಡ ದಾದಾ, ನಿಮಗೆ ಆಫೀಸು..."

"ಆಫೀಸು ಎಲ್ಲಿಗೋಗುತ್ತೆ? ಓದೋ ಹುಡುಗನ ಭವಿಷ್ಯ ಕಣೋ ಇದು!"

ಬೇಡ ಎನ್ನುವುದನ್ನು ಎರಡನೆಯ ಸಲ ಹೇಳಲಾರದವರು ಲೋಕದಲ್ಲಿದ್ದಾರೆ. ಮೊದಲ ಸಲಕ್ಕೇ ಅವರ ಧೈರ್ಯವೆಲ್ಲ ಖರ್ಚಾಗಿರುತ್ತದೆ. ಅರಿತ್ರ ಆ ಜಾತಿಯವನು. ಮಧ್ಯಾಹ್ನ ಚಾಂದನಿ ಮಾರುಕಟ್ಟೆಯ ಅಂಗಡಿಯೊಂದನ್ನು ಅವನು ಹೊಕ್ಕಾಗ ಹಿಂದೆ ನಾಲ್ವರೂ ಇದ್ದರು. ಮಾಖನ್‌ದಾನ ಕೈಯಲ್ಲಿ ಝಾಲ್‌ಮುಡಿಯ, ಅಂದರೆ ಖಾರ ಮಂಡಕ್ಕಿಯ, ಪೊಟ್ಟಣವೂ ಇತ್ತು.

ಅಂಗಡಿಯವನು ಹದಿಮೂರು ಇಂಚಿನದನ್ನು ತೆಗೆದು, "ಇದರ ಪ್ರೊಸೆಸರ್ ನೋಡಿ ಸಾರ್..." ಎಂದು ಶುರುಮಾಡಿದ.

"ಅದೆಲ್ಲ ಒಳಗಿನ ಸಮಾಚಾರ," ನಿತಾಯಿದಾ ತಡೆದ. "ಮುಚ್ಚು. ಮುಚ್ಚಿದಾಗ ಹೇಗಿರುತ್ತೆ ಅದನ್ನ ತೋರಿಸು."

ನಾಲ್ಕು ಸ್ಟೂಲು ಎಳೆದುಕೊಂಡು, ನಾಲ್ವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಲ್ಯಾಪ್‌ಟಾಪನ್ನು ನಡುವೆ ಇಟ್ಟುಕೊಂಡರು. ಮಾಖನ್‌ದಾ ಟ್ರೈನಿನ ಹಾಗೆ ಮೈ ಕುಲುಕಿದ. ನುಣ್ಣನೆಯ ಲ್ಯಾಪ್‌ಟಾಪ್ ಸಾಬೂನಿನ ಬಿಲ್ಲೆಯಂತೆ ಜಾರಿತು. ಅರಿತ್ರ ಹಾರಿ ಹಿಡಿದ. ಲ್ಯಾಪ್‌ಟಾಪ್ ಉಳಿಯಿತು, ಅವನ ಹಣೆ ಮಾತ್ರ ಗಾಜಿನ ಕಪಾಟಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿತು.

"ನೋಡಿದ್ಯಾ? ಜಾರುತ್ತೆ," ಎಂದ ಮಾಖನ್‌ದಾ. "ಟ್ರೈನಲ್ಲಿ ಹಿಂಗಾದ್ರೆ?"

ಹಣೆ ಉಜ್ಜಿಕೊಳ್ಳುತ್ತ ಅರಿತ್ರನಿಗೂ ಅದು ಹೌದೆನಿಸಿತು. ತನ್ನ ಬಗ್ಗೆ ಇವರಿಗೆ ಎಷ್ಟು ಕಾಳಜಿ ಎಂದೂ ಅಂದುಕೊಂಡ.

ಎರಡನೆಯದರ ಬೆನ್ನಿನ ನಡುವೆ ಕಂಪನಿಯ ಗುರುತು ಉಬ್ಬಿತ್ತು. ನಿತಾಯಿದಾ ಬೆರಳಾಡಿಸಿ, ಅನ್ನದಲ್ಲಿ ಕಲ್ಲು ಸಿಕ್ಕಿದವನ ಮುಖ ಮಾಡಿ, ಪಕ್ಕಕ್ಕಿಟ್ಟ. ಮೂರನೆಯದು ಬೂದುಬಣ್ಣದ್ದು, ಹದಿನಾರು ಇಂಚಿನದು, ಸ್ವಲ್ಪ ತರಿತರಿ ಮೈಯದು. ಎತ್ತಿದರೆ ಅಷ್ಟೇನೂ ಭಾರವಿಲ್ಲ. ನಿತಾಯಿದಾ ಕೈ ಎತ್ತಿ ಅದರ ಮೇಲೆ ಫಟ್ಟೆಂದು ಹೊಡೆದ.

"ಅಯ್ಯೋ ದಾದಾ!" ಅಂಗಡಿಯವನು ಎರಡೂ ಕೈಯನ್ನು ಎದೆಗೆ ಇಟ್ಟುಕೊಂಡ.

"ಗಟ್ಟಿ ಇದೆ," ನಿತಾಯಿದಾ ತೃಪ್ತಿಯಿಂದ ಹೇಳಿದ. ಮಾಖನ್‌ದಾ ಅದರ ಮೇಲೆ ಸಾಸಿವೆಯೆಣ್ಣೆ ಹತ್ತಿದ ನಾಲ್ಕು ಮಂಡಕ್ಕಿ ಚೆಲ್ಲಿ, ಕರವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದ. ಕಲೆ ಇರಲಿಲ್ಲ. ಉಳಿದಿಬ್ಬರು ತಲೆಯಾಡಿಸಿದರು.

"ಬಿಸಿ ಆಗುತ್ತಾ?" ಎಂದ ನಿತಾಯಿದಾ.

"ಕೆಲಸ ಮಾಡ್ವಾಗ ಸ್ವಲ್ಪ..."

"ಆಫ್ ಇದ್ದಾಗ?"

"ಆಫ್ ಇದ್ದಾಗ ಯಾಕೆ ಬಿಸಿ ಆಗುತ್ತೆ ದಾದಾ?"

"ಅಷ್ಟು ಸಾಕು. ಕಟ್ಟು."

ಅರಿತ್ರ ಒಂದು ಸಲ ಅದನ್ನು ತೆರೆದು ನೋಡಬೇಕೆಂದುಕೊಂಡ. ಅಷ್ಟರಲ್ಲಿ ಕಟ್ಟಿಯಾಗಿತ್ತು.

ಸಂಜೆ ಹೌರಾದಲ್ಲಿ ಟ್ರೈನು ನಿಲ್ಲುವ ಮೊದಲೇ ನಿತಾಯಿದಾ ಹಾರಿ ಹತ್ತಿ ಕರವಸ್ತ್ರಗಳನ್ನು ಎಸೆದು ಸೀಟು ಹಿಡಿದ. ನಾಲ್ಕಲ್ಲ, ಐದು.

"ಬಾರೋ, ಕಿಟಕಿ ಪಕ್ಕ ಕೂತ್ಕೋ. ಇವತ್ತಿಂದ ಅದು ನಿನ್ನ ಸೀಟು."

ಬ್ಯಾಂಡೆಲ್‌ನಲ್ಲೇ ಸೀಟು ತುಂಬಿಬಿಡುವ ಈ ಲೈನಿನಲ್ಲಿ ಚುಂಚುಡಾದ ಹುಡುಗನಿಗೆ ಕಿಟಕಿ ಸೀಟು! ಅರಿತ್ರ ಗಾಳಿಗೆ ಮುಖವೊಡ್ಡಿದ, ಹಣೆಯ ನೋವು ಮರೆತ. ಇನ್ನು ಒಂದು ಗಂಟೆ ತನ್ನದು. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು, ತೊಡೆಯ ಮೇಲಿಟ್ಟು, ಮುಚ್ಚಳಕ್ಕೆ ಬೆರಳು ಹಾಕಿದ.

ನಿತಾಯಿದಾ ಮೆತ್ತಗೆ ಆ ಬೆರಳನ್ನು ತೆಗೆದ. ಲ್ಯಾಪ್‌ಟಾಪ್ ಎತ್ತಿಕೊಂಡು, ನಾಲ್ವರ ಮೊಣಕಾಲುಗಳ ನಡುವೆ ಸಮವಾಗಿ ಕೂರಿಸಿದ. ಮಾಖನ್‌ದಾ ಜೇಬಿನಿಂದ ಇಸ್ಪೀಟು ತೆಗೆದು, ಕಣ್ಣಿಗೊತ್ತಿಕೊಂಡು, ಎಲೆ ಹಂಚತೊಡಗಿದ. ಟ್ರೈನು ಕುಲುಕಿತು. ಒಂದು ಎಲೆಯೂ ಜಾರಲಿಲ್ಲ.

"ಆಹಾ!" ಎಂದ, ಅದುವರೆಗೆ ಬಾಯಿಬಿಡದ ಇಬ್ಬರಲ್ಲೊಬ್ಬ.

"ದಾದಾ," ಅರಿತ್ರ ತೊದಲಿದ, "ಜೇಠು ಹೋದ ಮೇಲೆ ಆಟ ನಿಂತಿತ್ತಲ್ಲ? ಅವರಿಲ್ದೆ ಹೇಗೆ..."

"ಜೇಠು ಎಲ್ಲಿ ಆಡ್ತಿದ್ರು? ಅವರಿಗೆ ಇಸ್ಪೀಟು ಕಂಡ್ರೇ ಆಗ್ತಿರಲಿಲ್ಲ," ಎಂದ ನಿತಾಯಿದಾ ಎಲೆಗಳನ್ನು ಜೋಡಿಸುತ್ತ. "ಆದ್ರೆ ಅವರ ಅಟ್ಯಾಚಿ ಪೆಟ್ಟಿಗೆ ಇತ್ತು ನೋಡು! ಏನು ಅಗಲ, ಏನು ಗಟ್ಟಿ! ರಿಟೈರಾದ ದಿನ ಮನೆಗೆ ತಗೊಂಡು ಹೋಗಿಬಿಟ್ರು. ಈಗ ಅದರಲ್ಲಿ ಮೊಮ್ಮಗನ ಬೊಂಬೆ ಇದಾವಂತೆ. ಆದ್ರೂ ಒಂದು ಮಾತು, ಅದು ಭಾರ ಇತ್ತು, ಮೊಣಕಾಲು ನೋಯ್ತಿತ್ತು. ಇದು ಹಗುರ."

"ನನಗೆ... ನಾಳೆಗೆ ಸ್ವಲ್ಪ ಬರೀಬೇಕಿತ್ತು ದಾದಾ."

"ಬರಿ ಬರಿ! ಓದೋ ಹುಡುಗನ್ನ ನಾವು ತಡೀತೀವಾ?" ನಿತಾಯಿದಾ ಜೇಬಿನಿಂದ ಮಡಿಸಿದ ಕಾಗದ, ಪೆನ್ನು ತೆಗೆದು ಅವನ ಕೈಗಿಟ್ಟ. "ನಾಲ್ಕು ಗೀಟು ಎಳಿ. ಮೊದಲು ನನ್ನ ಹೆಸರು ಹಾಕು. ಸಂಖ್ಯಾಶಾಸ್ತ್ರ ಓದಿದವನು ಅಂಕ ಬರೆದ್ರೆ ಈ ಮಾಖನ್ ಇನ್ಮೇಲೆ ಕಳ್ಳಲೆಕ್ಕ ಹೇಳೋಕಾಗಲ್ಲ."

"ಯಾರು ಕಳ್ಳ? ಹೋದ ತಿಂಗಳು ರಾಣಿ ಬಚ್ಚಿಟ್ಟವನು ಯಾರೋ?"

ಚಂದನ್‌ನಗರ ಬರುವಷ್ಟರಲ್ಲಿ ಅರಿತ್ರ ಒಂದು ಪುಟ ತುಂಬ ಅಂಕ ಬರೆದಿದ್ದ. ಚುಂಚುಡಾ ಬಂತು. ಅವನು ಎದ್ದು, ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ.

"ಏಯ್ ಏಯ್, ಅಲ್ಲಾಡಿಸಬೇಡ!" ನಾಲ್ವರೂ ಒಟ್ಟಿಗೆ ಕೂಗಿದರು. ತಲೆಯಾಡಿಸುವ ಇಬ್ಬರೂ ಸೇರಿ.

"ಎಲೆ ಹಂಚಿ ಆಗಿದೆಯಲ್ಲೋ," ಎಂದ ಮಾಖನ್‌ದಾ ಸಮಾಧಾನವಾಗಿ. "ಎರಡೇ ಸ್ಟೇಷನ್ನು. ಬ್ಯಾಂಡೆಲ್‌ವರೆಗೆ ಬಾ, ಅಲ್ಲಿಂದ ವಾಪಸ್ ಟ್ರೈನಿಗೇನು ಬರ ಇಲ್ಲ."

ಅರಿತ್ರ ಮತ್ತೆ ಕೂತ. ಕಿಟಕಿ ಸೀಟು ಸಿಕ್ಕಿದ್ದರಿಂದ, ತನ್ನ ಸ್ಟೇಷನ್ನು ಹಿಂದಕ್ಕೆ ಸರಿದುಹೋಗುವುದು ಅವನಿಗೆ ಬಹಳ ಚೆನ್ನಾಗಿ ಕಾಣಿಸಿತು.