ಮುಖವೇ ಸಹಿ

ಆ ದಿನ ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಹಿಮ ಬಿತ್ತು. ನಮ್ಮ ಮನೆ ಇರುವುದು ಮಲೇಷ್ಯಾದ ಪುಚೊಂಗ್‌ನಲ್ಲಿ, ಭೂಮಧ್ಯರೇಖೆಯ ಪಕ್ಕದ ಬೀದಿ ಎನ್ನಬಹುದು. ಫ್ರೀಜರಿನ ಒಳಗೋಡೆ ಬಿಟ್ಟರೆ ಇಲ್ಲಿ ಬೇರೆಲ್ಲೂ ಹಿಮ ಕಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ನನ್ನ ನಾದಿನಿ ಎದ್ದವಳೇ ಪರದೆ ಸರಿಸಿ, ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಆಕಾಶ ನೋಡಿ, "ಇವತ್ತು ಬೀಳೋ ಹಾಗಿದೆ ಅತ್ತಿಗೆ. ತಿರುವಿನಲ್ಲಿ ಹುಷಾರಾಗಿರ್ಬೇಕು" ಎಂದಳು. ಅವಳು ಹೇಳಿದ ಮೇಲೆ ಬಿದ್ದ ಹಾಗೆಯೇ. ಅವಳ ತಲೆಯೊಳಗಿನ ಹವಾಮಾನದ ಮುಂದೆ ಮಲೇಷ್ಯಾದ ಸೂರ್ಯನ ಆಟ ನಡೆಯುವುದಿಲ್ಲ!

ಉಳಿದಂತೆ ಅದು ಎಂದಿನ ಬೆಳಗೇ. ಡಿಕಾಕ್ಷನ್ ತೊಟ್ಟಿಕ್ಕುತ್ತಿತ್ತು. ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿ ತೊಟ್ಟ ನಮ್ಮ ಮನೆಯವರು ಮಲಗುವ ಕೋಣೆಯಲ್ಲಿ ಆಫೀಸು ನಡೆಸುತ್ತಿದ್ದರು. ಮಗಳು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಶಾಲೆ ಒಂದು ಕಿವಿಯಲ್ಲಿ, ನಿದ್ದೆ ಇನ್ನೊಂದರಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುತ್ತಿದ್ದೆ. ಅಂದು ಸಂಕ್ರಾಂತಿ. ಹಿಂದಿನ ದಿನದಿಂದ ಮತ್ತೆ ಲಾಕ್‌ಡೌನ್. ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಹೋಗದೆ ಎಳ್ಳು ಬೀರುವುದು ಹೇಗೆ?

"ಅದಕ್ಕೇ ಅಲ್ವಾ ನಾನಿರೋದು?" ಎಂದಳು ನಾದಿನಿ.

ಅವಳ ಪರಿಚಯ ಮಾಡಿಕೊಡದೆ ಮುಂದೆ ಹೋದರೆ ನೀವು ನನ್ನನ್ನೇ ಸಂಶಯಿಸುತ್ತೀರಿ. ನನ್ನ ಗಂಡನ ಒಬ್ಬಳೇ ತಂಗಿ. ಮೈಸೂರಿನಿಂದ ದೊಡ್ಡ ಓದಿಗೆಂದು ಕೆನಡಾಕ್ಕೆ ಹೋದವಳು, ಓದು ಅರ್ಧಕ್ಕೆ ಬಿಟ್ಟು ಸೈಕಲ್ ಏರಿದಳು. ಸೈಕಲ್ ಕೊರಿಯರ್! ಆಸ್ಪತ್ರೆಯಿಂದ ಲ್ಯಾಬಿಗೆ ರಕ್ತದ ಸೀಸೆ, ವಕೀಲರಿಂದ ವಕೀಲರಿಗೆ ಕಾಗದ, ಮನೆಮನೆಗೆ ಬಿಸಿ ಸೂಪು. ಅದೂ ಮೊಣಕಾಲುದ್ದ ಹಿಮದಲ್ಲಿ, ಹುಬ್ಬಿನ ಕೂದಲು ಹೆಪ್ಪುಗಟ್ಟುವ ಚಳಿಯಲ್ಲಿ. ನಮ್ಮ ಅತ್ತೆಯವರು ಮದುವೆ ಮನೆಗಳಲ್ಲಿ "ಮಗಳು ಏನ್ಮಾಡ್ತಿದಾಳೆ?" ಎಂದು ಕೇಳಿದವರಿಗೆ "ಸಾರಿಗೆ ಕ್ಷೇತ್ರದಲ್ಲಿದಾಳೆ" ಎಂದು ಹೇಳಿ, ತಕ್ಷಣ ಪಾಯಸದ ವಿಷಯಕ್ಕೆ ಹೊರಳುತ್ತಿದ್ದರು.

ಮೂರು ವಾರ ಇದ್ದು ಹೋಗುತ್ತೇನೆಂದು ಬಂದವಳು. ಬಂದಳು, ವಿಮಾನಗಳು ನಿಂತವು. ಮೊದಲ ಕೆಲವು ದಿನ ಮನೆಯೊಳಗೆ ಹುಲಿ ತಿರುಗಿದಂತೆ ತಿರುಗಿದಳು. ಆಮೇಲೆ ಅವಳ ಕಣ್ಣಿಗೆ ನಮ್ಮ ಕಾರಿನ ಹಿಂದೆ ನಿಂತಿದ್ದ ಸೈಕಲ್ ಬಿತ್ತು. ವ್ಯಾಯಾಮ ಮಾಡುತ್ತೇನೆಂದು ನಮ್ಮ ಮನೆಯವರು ಕೊಂಡ ಆ ಸೈಕಲ್ಲಿನ ಮೇಲೆ ನಾನು ನೆಲ ಒರೆಸುವ ಬಟ್ಟೆ ಒಣಗಿಸುತ್ತಿದ್ದೆ. ಮರುದಿನ ಬಟ್ಟೆ ಬೇಲಿಯ ಮೇಲಿತ್ತು, ನಾದಿನಿ ಸೈಕಲ್ಲಿನ ಮೇಲಿದ್ದಳು. ಅಂದಿನಿಂದ ನಮ್ಮ ತಾಮನ್‌ಗೆ, ಅಂದರೆ ಬಡಾವಣೆಗೆ, ಅವಳೇ ಕೊರಿಯರ್. ನನ್ನ ಸಾರು ಆ ಮನೆಗೆ, ಆ ಮನೆಯ ದೋಸೆ ಹಿಟ್ಟು ಈ ಮನೆಗೆ, ಕ್ವಾರಂಟೈನಿನಲ್ಲಿದ್ದವರಿಗೆ ಮಾಮಕ್ ಅಂಗಡಿಯ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನ, ರೊಟ್ಟಿ.

ಒಳ್ಳೆಯದೇ ಅಲ್ಲವೇ? ಒಳ್ಳೆಯದೇ. ಆದರೆ ಅವಳಿಗೆ ಗೊತ್ತಿದ್ದದ್ದು ಹಿಮದ ಕೊರಿಯರ್ ಕೆಲಸ. ಬಿಸಿಲಿನದು ಕಲಿಯುವ ಇರಾದೆ ಅವಳಿಗೆ ಇರಲಿಲ್ಲ.

ಮೊದಲನೆಯದಾಗಿ, ಎರಡೂ ಚಕ್ರದ ಗಾಳಿ ಇಳಿಸಿದಳು. ಟೈರು ಮೆತ್ತಗಿದ್ದರೆ ಹಿಮದ ಮೇಲೆ ಹಿಡಿತ ಸಿಗುತ್ತದಂತೆ. ಕಾದ ಟಾರಿನ ಮೇಲೆ ಆ ಸೈಕಲ್ ಕೆಸರಿನಿಂದ ಏಳಲೊಲ್ಲದ ಎಮ್ಮೆಯಂತೆ ಸಾಗುತ್ತಿತ್ತು. ಬೆಳಗಿನ ವಾಕಿಂಗಿಗೆ ಬಂದ ಚೀನೀ ಅಜ್ಜನೊಬ್ಬ, ಕೈ ಹಿಂದೆ ಕಟ್ಟಿಕೊಂಡೇ, ಅವಳನ್ನು ದಾಟಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ಉಡುಪು. ಅಂಗಿಯೊಳಗೆ ಎದೆಗೆ ಅಡ್ಡಲಾಗಿ ಮಡಿಸಿದ ಪೇಪರು, ಗಾಳಿ ಹೊಗದಿರಲಿ ಎಂದು. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಕಾಲುಚೀಲ. ಎಲ್ಲದರ ಮೇಲೆ ಕಿತ್ತಳೆ ಬಣ್ಣದ ಹಿಮದ ಜಾಕೆಟ್ಟು. ಮನೆಗೆ ಮರಳಿದಾಗ ಎದೆಯ ಪೇಪರಿನ ಸುದ್ದಿಯೆಲ್ಲ ಅವಳ ಬನಿಯನ್ನಿಗೆ ಇಳಿದಿರುತ್ತಿತ್ತು. ಒಮ್ಮೆ ಬನಿಯನ್ನಿನಲ್ಲಿ ಅರ್ಧ ರಾಶಿಫಲ ಓದಿದೆ. ಕನ್ಯಾ ರಾಶಿಗೆ ಪ್ರಯಾಣ ಯೋಗವಿತ್ತು.

"ಅಮ್ಮಾ, ಅತ್ತೆ ಈಸ್ ವೇರಿಂಗ್ ದ ಜಾಕೆಟ್ ಅಗೇನ್. ಪ್ಲೀಸ್ ಸ್ಟಾಪ್ ಹರ್" ಎಂದು ಮಗಳು ನನ್ನನ್ನು ಬೇಡಿಕೊಳ್ಳುತ್ತಿದ್ದಳು. ನಾನು ತಡೆಯುವುದೆ? ಕಾನ್ವೆಂಟಿನ ಸಿಸ್ಟರುಗಳು ನನಗೆ ಬೆರಳು ತೋರಿಸಬಾರದು, ದನಿ ಏರಿಸಬಾರದು, ಅತಿಥಿಯ ಬಟ್ಟೆಯ ಬಗ್ಗೆ ಮಾತಾಡಬಾರದು ಎಂದು ಕಲಿಸಿದ್ದರು. ಈ ಮೂರೂ ಇಲ್ಲದೆ ನನ್ನ ನಾದಿನಿಯನ್ನು ತಡೆಯಲಾಗದು. ಬಡಾವಣೆಯ ಗೇಟಿನ ನೇಪಾಳಿ ಕಾವಲುಗಾರ ಮಾತ್ರ ಅವಳಿಗೆ ದಿನವೂ ಸೆಲ್ಯೂಟ್ ಹೊಡೆಯುತ್ತಿದ್ದ. ಇಡೀ ತಾಮನ್‌ನಲ್ಲಿ ಹಿಮ ನೋಡಿದ್ದವರು ಅವರಿಬ್ಬರೇ.

ಆದರೆ ಜನ ನಿಜಕ್ಕೂ ತಲೆ ಚಚ್ಚಿಕೊಂಡದ್ದು ಅವಳ ಮೂರನೆಯ ನಿಯಮಕ್ಕೆ. ಆ ಹಿಮದೂರಿನಲ್ಲಿ ಚಳಿಗೆ ಪೆನ್ನಿನ ಶಾಯಿ ಇಳಿಯುವುದಿಲ್ಲ, ಗವಸು ತೆಗೆದರೆ ಬೆರಳು ಉಳಿಯುವುದಿಲ್ಲ. ಹಾಗಾಗಿ ಅಲ್ಲಿನ ಕೊರಿಯರುಗಳ ನಡುವೆ ಒಂದು ರೂಢಿಯಂತೆ: ಯಾರ ಹೆಸರಿನ ಪೊಟ್ಟಣವೋ ಅವರ ಮುಖ ಕಂಡರೆ ಸಾಕು, ಮುಖವೇ ಸಹಿ. ಕಾಣದಿದ್ದರೆ ಪೊಟ್ಟಣ ವಾಪಸ್.

ಇಲ್ಲಿಯೋ, ಎಲ್ಲರೂ "ಗೇಟಿಗೆ ತಗುಲಿಸಿ ಹೋಗಿ" ಎಂದು ಒಳಗಿನಿಂದಲೇ ಕೂಗುವ ಕಾಲ. ಇವಳು ಹೋಗುತ್ತಿರಲಿಲ್ಲ. ಗೇಟಿನಿಂದ ಮಾರು ದೂರ ನಿಂತು ಸೈಕಲ್ಲಿನ ಗಂಟೆ ಬಾರಿಸುತ್ತಲೇ ಇರುತ್ತಿದ್ದಳು. ಉಡುಪಿ ಕಡೆಯ ಡಾಕ್ಟರಮ್ಮ ಒಬ್ಬರು ಎರಡು ಮಾಸ್ಕು ಹಾಕಿಕೊಂಡು ಬಾಗಿಲಿಗೆ ಬಂದರು.

"ಮಾಸ್ಕ್ ಇಳಿಸಿ ಡಾಕ್ಟ್ರೇ."

"ನಾನು ಡಾಕ್ಟರ್ ಮಾರಾಯ್ತಿ, ನಂಗೇ ಮಾಸ್ಕ್ ತೆಗಿ ಅಂತ ಹೇಳ್ತಿಯಾ?"

"ಹಾಗಾದ್ರೆ ಗಾಜಿನ ಹಿಂದೆ ನಿಂತು ತೆಗೀರಿ. ಸಾರು ತಣ್ಣಗಾಗ್ತಿದೆ."

ಡಾಕ್ಟರಮ್ಮ ಗಾಜಿನ ಹಿಂದೆ ಹೋಗಿ ಮುಖ ತೋರಿಸಿದರು. ಸಾರು ಕೊಟ್ಟು ಬಂದಳು. ಎದುರಿನ ಕಾಂಡೋ ಕಟ್ಟಡದ ಮೇಲಂತಸ್ತಿನ ಬೆಂಗಳೂರಿನ ದಂಪತಿಗಳಿಗಂತೂ ಬಾಲ್ಕನಿಗೆ ಬಂದು ಮುಖಕ್ಕೆ ಮೊಬೈಲ್ ಟಾರ್ಚು ಹಿಡಿದುಕೊಳ್ಳಿ ಎಂದು ಫೋನಿನಲ್ಲಿ ಆಜ್ಞೆ. ಕೆಳಗಿನಿಂದ ಕಂಡದ್ದು ಎರಡು ಮಿಣುಕುಹುಳ. "ಗಂಡನ ಮುಖ ಸ್ವಲ್ಪ ಇಳಿದಿದೆ, ಮಜ್ಜಿಗೆಹುಳಿ ಕಳಿಸಿ" ಎಂದು ಮನೆಗೆ ಬಂದು ವರದಿ!

ಇಷ್ಟೆಲ್ಲ ಮುಖ ನೋಡಿದವಳಿಗೆ ಒಂದು ಮುಖ ಮಾತ್ರ ದಕ್ಕಿರಲಿಲ್ಲ. ಅದು ನಮ್ಮ ಪಕ್ಕದ ಮನೆಯದೇ. ಆ ಮನೆ ಸೆಲ್ವಿ ಅಕ್ಕನದು. ಇಲ್ಲೇ ಹುಟ್ಟಿ ಬೆಳೆದ ತಮಿಳರು, ಗೋಡೆಯಾಚೆಯಿಂದ ನಮ್ಮೊಡನೆ ಹರಟಿಯೇ ಕನ್ನಡ ಕಲಿತವರು. ಅವರ ತಾಯಿಯನ್ನು ನಾವೆಲ್ಲ ಪಾಟಿ, ಅಂದರೆ ಅಜ್ಜಿ, ಎನ್ನುತ್ತೇವೆ. ಮೊದಲ ಲಾಕ್‌ಡೌನಿನಲ್ಲಿ ಪಾಟಿಯ ಗಂಡ ತೀರಿಕೊಂಡರು. ಬಂಧುಗಳು ಬರುವಂತಿರಲಿಲ್ಲ, ಬೀದಿಯ ನಾವು ಗೇಟಿನೊಳಗೇ ನಿಂತು ಕೈ ಮುಗಿದೆವು. ಅಂದಿನಿಂದ ಪಾಟಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತವರು ಮುಂಬಾಗಿಲಿಗೆ ಬಂದಿರಲಿಲ್ಲ. ಮಾತಿಲ್ಲ, ಊಟ ಎರಡು ತುತ್ತು. "ಅಪ್ಪನ ಹಿಂದೇನೇ ಹೊರಟುಬಿಡ್ತಾರೇನೋ" ಎಂದು ಸೆಲ್ವಿ ಅಕ್ಕ ಬಟ್ಟೆ ಒಣಗಿಸುವ ನೆಪದಲ್ಲಿ ಗೋಡೆಯಾಚೆ ನಿಂತು ನನ್ನ ಹತ್ತಿರ ಕಣ್ಣು ಒರೆಸಿಕೊಳ್ಳುತ್ತಿದ್ದರು.

ನಾನು ಪಾಟಿಗೆಂದು ಮೆತ್ತನೆಯ ಇಡ್ಲಿ ಮಾಡಿದೆ. ಎರಡು ಮನೆಗೂ ಒಂದೇ ಗೋಡೆ, ಕೈ ಚಾಚಿದರೆ ಸೆಲ್ವಿ ಅಕ್ಕನ ಕೈ. ಆದರೆ ನಾದಿನಿ ಬಿಟ್ಟಾಳೆಯೇ? "ಗೋಡೆ ಮೇಲಿಂದ ಕೊಟ್ರೆ ಅದು ಡೆಲಿವರಿ ಅಲ್ಲ ಅತ್ತಿಗೆ" ಎಂದು ಇಡ್ಲಿಯನ್ನು ಚೀಲಕ್ಕೆ ತುಂಬಿ, ನಮ್ಮ ಗೇಟಿನಿಂದ ಹೊರಟು, ಇಡೀ ತಾಮನ್ ಸುತ್ತಿ, ಪಕ್ಕದ ಗೇಟಿಗೆ ಹೋದಳು. ಸೆಲ್ವಿ ಅಕ್ಕ ಬಂದು ಕೈ ಚಾಚಿದರು.

"ಪೊಟ್ಟಣ ಪಾಟಿ ಹೆಸರಲ್ಲಿದೆ. ಪಾಟಿ ಬರ್ಲಿ."

"ಪಾಟಿ ಬರಲ್ಲ ಲಾ. ನಾನು ಮಗಳು, ನನ್ನ ಮುಖ ಸಾಲ್ದಾ?"

ಸಾಲಲಿಲ್ಲ. ಇಲ್ಲಿಯವರೆಲ್ಲ ಮಾತಿನ ಬಾಲಕ್ಕೆ ಅಂಟಿಸುವ ಆ 'ಲಾ'ಕ್ಕೂ ಅವಳು ಕರಗಲಿಲ್ಲ. ಇಡ್ಲಿಗಳು ಮನೆಗೆ ವಾಪಸ್ ಬಂದವು! ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಸ್ನಾನಕ್ಕೆ ಹೋದಾಗ ನಾನು ಸದ್ದಿಲ್ಲದೆ ಗೋಡೆ ಮೇಲಿಂದ ದಾಟಿಸಿದೆ. ಅಂದಿನಿಂದ ಅದೇ ನಡೆಯಿತು: ಅವಳು ಒಯ್ಯುವುದು, ವಾಪಸ್ ತರುವುದು, ನಾನು ದಾಟಿಸುವುದು. ರಾತ್ರಿ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಾ ಹೇಳುತ್ತಿದ್ದದ್ದು ಎರಡೇ ಮಾತು: "ಪಾಟಿ ಬಾಕಿ."

ಸಂಕ್ರಾಂತಿಯ ಬೆಳಿಗ್ಗೆಯೂ ಅದನ್ನೇ ಹೇಳಿದಳು. "ಇವತ್ತು ಪಾಟಿದು ಆಗ್ಲೇಬೇಕು. ನೀವೇ ತಾನೇ ಹೇಳಿದ್ದು, ಸಾವಾದ ಮನೇಲಿ ವರ್ಷ ಹಬ್ಬ ಇಲ್ಲ, ಸಿಹಿ ಬೇರೆಯವ್ರೇ ಕೊಡ್ಬೇಕು ಅಂತ? ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ಗೇಟಿಗೆ ಹೇಳಿ ಬರ್ಲಾ?"

ಅವಳ ಹುಚ್ಚಿನಲ್ಲಿ ಮೊದಲ ಸಲ ನನಗೆ ಶಾಸ್ತ್ರ ಕಂಡಿತು. ನಮ್ಮ ಎಳ್ಳು ಬೀರುವುದಾದರೂ ಏನು? ಮುಖ ನೋಡಿ ಕೊಡುವುದು, ಮುಖ ನೋಡಿ ಮಾತಾಡುವುದು. ನನಗೆ ಹುರುಪು ಬಂತು. ಮೈಸೂರಿನಿಂದ ತಂದ ಮರದ ಅಚ್ಚುಗಳಲ್ಲಿ ಸಕ್ಕರೆ ಪಾಕ ಹೊಯ್ದು ಗಿಳಿ, ಗೋಪುರ, ಮೀನು ತೆಗೆದೆ. ಇಲ್ಲಿಯ ತೇವಕ್ಕೆ ಅವು ಬೆವರತೊಡಗಿದ್ದವು. ನಾದಿನಿ ಸೂಪು ಬಿಸಿ ಇಡುವ ತನ್ನ ದಪ್ಪ ಚೀಲದಲ್ಲಿ ಅವನ್ನು ತಣ್ಣಗೆ ಕೂರಿಸಿದಳು. "ಹಬ್ಬದ ದಿನ ರೇಷ್ಮೆ ಸೀರೆ ಉಡು" ಎಂದೆ. ಚೌಕಾಸಿ ನಡೆದು, ಹೆಲ್ಮೆಟ್ಟಿಗೆ ಮಲ್ಲಿಗೆ ದಂಡೆ ಸುತ್ತಿಕೊಳ್ಳಲು ಒಪ್ಪಿದಳು. ಸೈಕಲ್ಲಿಗೆ ಕಬ್ಬಿನ ಜಲ್ಲೆ ಬಾವುಟದ ಕೋಲಿನಂತೆ ಕಟ್ಟಿದೆವು. ಹಿಮದ ಜಾಕೆಟ್ಟು, ಮಲ್ಲಿಗೆ, ಕಬ್ಬು! ಮೀಟಿಂಗಿನ ನಡುವೆ ಇಣುಕಿದ ನಮ್ಮ ಮನೆಯವರು ತಂಗಿಯನ್ನು ನೋಡಿ ಬಾಗಿಲು ಹಾಕಿಕೊಂಡರು. ಮಗಳು ಮಾತ್ರ ಮೊದಲ ಸಲ "ಅತ್ತೆ ಲುಕ್ಸ್ ಕೂಲ್" ಎಂದಳು.

ಮಧ್ಯಾಹ್ನವೆಲ್ಲ ಫೋನುಗಳು ಗಣಗಣ ಎಂದವು. ಡಾಕ್ಟರಮ್ಮ ತಾವಾಗಿಯೇ ಗಾಜಿನ ಹಿಂದೆ ಹೋಗಿ ನಿಂತಿದ್ದರಂತೆ. ಬಾಲ್ಕನಿಯ ದಂಪತಿಗಳು ಟಾರ್ಚು ಹಿಡಿದು ಕಾಯುತ್ತಿದ್ದರಂತೆ. ಕಾವಲುಗಾರ ಕಬ್ಬಿನ ತುಂಡು ಕಚ್ಚುತ್ತಾ ಸೆಲ್ಯೂಟ್ ಹೊಡೆದನಂತೆ. ಉಳಿದದ್ದು ಪಾಟಿ. ಅಷ್ಟರಲ್ಲಿ ಇಲ್ಲಿಯ ಮಳೆ ಶುರುವಾಯಿತು. ಮೋಡ ಕಪ್ಪಾಗುವುದೊಂದೇ ಗೊತ್ತು, ಆಮೇಲೆ ಎದುರಿನ ಮನೆ ಕಾಣುವುದಿಲ್ಲ.

ಆ ಮಳೆಯೊಳಗಿನಿಂದ ಕಿತ್ತಳೆ ಬಣ್ಣವೊಂದು ನಿಧಾನವಾಗಿ, ಮೆತ್ತನೆಯ ಟೈರಿನ ಮೇಲೆ, ಬಂದು ಸೆಲ್ವಿ ಅಕ್ಕನ ಗೇಟಿನೆದುರು ನಿಂತಿತು. ಗಂಟೆ ಬಾರಿಸಿತು.

ಸೆಲ್ವಿ ಅಕ್ಕ ಬಾಗಿಲಿಗೆ ಬಂದು, "ಗೇಟಿಗೆ ತಗುಲಿಸಿ ಹೋಗಮ್ಮಾ, ಜ್ವರ ಬರುತ್ತೆ" ಎಂದರು.

"ಪಾಟಿ ಹೆಸರಲ್ಲಿದೆ" ಎಂದಳು ನಾದಿನಿ, ಚೀಲವನ್ನು ಜಾಕೆಟ್ಟಿನ ಒಳಗೆ ತೂರಿಸಿಕೊಂಡು.

ನಾನು ನಮ್ಮ ಜಗಲಿಯಲ್ಲೇ ನಿಂತು ಒದ್ದಾಡಿದೆ. ಮಲ್ಲಿಗೆ ಕಳಚಿ ಹೆಲ್ಮೆಟ್ಟಿನಿಂದ ಮೂಗಿನ ಮೇಲೆ ಇಳಿದಿತ್ತು. ಎದೆಯ ಪೇಪರು ಕರಗಿ ಜಾಕೆಟ್ಟಿನ ಕೆಳಗಿನಿಂದ ಬೂದು ನೀರು ಸೋರುತ್ತಿತ್ತು. ಗಂಟೆ ಮಾತ್ರ ನಿಲ್ಲಲಿಲ್ಲ. ಟ್ರಿಣ್. ಬಿಡುವು. ಟ್ರಿಣ್. ಕೊನೆಗೆ ಸಿಸ್ಟರುಗಳ ಮಾತು ಮರೆತು ನಾನೇ ದನಿ ಏರಿಸಿ, "ಒಳಗೆ ಬಾರೇ, ಸಾಕು!" ಎಂದು ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ.

ಆಗ ಪಕ್ಕದ ಮನೆಯ ಮುಂಗಿಟಕಿಯ ಪರದೆ ಸರಿಯಿತು. ಸರಳುಗಳ ನಡುವೆ ಒಂದು ಮುಖ. ಕೆದರಿದ ಬಿಳಿ ಕೂದಲು, ಒಂದು ಕಿವಿಯ ಹಿಂದೆ ಸಿಕ್ಕಿಕೊಂಡ ಕನ್ನಡಕ.

"ಏ ಪೈತ್ಯಂ!" ಎಂದರು ಪಾಟಿ.

ಪೈತ್ಯಂ ಎಂದರೆ ಹುಚ್ಚಿ, ಅಷ್ಟು ಗೊತ್ತಿತ್ತು. ಆಮೇಲೆ ಬಂದ ತಮಿಳು ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದಷ್ಟರಲ್ಲಿ, ಬುದ್ಧಿ ಇದೆಯಾ, ಹೆತ್ತವರು ಏನು ಕಲಿಸಿದರು, ಕಿವಿ ತೂತಾಗುವ ಹಾಗೆ ಯಾಕೆ ಬಡಿಯುತ್ತೀಯ, ಹೆಣ್ಣುಮಗಳು ಹೀಗೆ ನೆನೆದರೆ ನಾಳೆ ಗತಿ ಏನು. ಅಷ್ಟು ತಿಂಗಳು ಕೂಡಿಟ್ಟ ಮಾತೆಲ್ಲ ಒಂದೇ ಉಸಿರಿಗೆ! ಎಳ್ಳು ಬೆಲ್ಲ ತಿನ್ನುವ ಮೊದಲೇ ಆಡಿದ್ದರಿಂದ ಅಷ್ಟು ಒಳ್ಳೆಯ ಮಾತುಗಳಲ್ಲ, ನಿಜ. ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ನಾದಿನಿ ಹೆಲ್ಮೆಟ್ ಮುಟ್ಟಿ ತಲೆ ಬಗ್ಗಿಸಿ, "ಸಹಿ ಆಯ್ತು" ಎಂದು ಪೊಟ್ಟಣವನ್ನು ಗೇಟಿಗೆ ತಗುಲಿಸಿದಳು. ಒಳಗಿನಿಂದ ಪಾಟಿ ಏನೋ ಆಜ್ಞೆ ಮಾಡಿದರು. ಸೆಲ್ವಿ ಅಕ್ಕ ಒಂದು ಕ್ಷಣ ಹಿಂಜರಿದು, ಬಾಗಿಲ ಹಿಂದಿನಿಂದ ಉದ್ದನೆಯ ಕರಿ ಕೊಡೆಯೊಂದನ್ನು ತಂದು ಗೇಟಿನ ಮೇಲಿಂದ ಚಾಚಿದರು. ಅದು ತಾತನ ಕೊಡೆ. ಅವರು ಹೋದಾಗಿನಿಂದ ಅದನ್ನು ಮುಟ್ಟಲು ಪಾಟಿ ಯಾರಿಗೂ ಬಿಟ್ಟಿರಲಿಲ್ಲ. ಎಳ್ಳು ಬೀರಿದವರ ತಟ್ಟೆಯನ್ನು ಬರಿದಾಗಿ ಕಳಿಸಬಾರದಲ್ಲ!

ನನ್ನ ನಾದಿನಿ ಆ ಕೊಡೆ ಹಿಡಿದು, ಸೈಕಲ್ಲೇರಿ, ಇಡೀ ತಾಮನ್ ಸುತ್ತಿಕೊಂಡು ಪಕ್ಕದ ಮನೆಗೆ, ಅಂದರೆ ನಮ್ಮ ಮನೆಗೆ, ಬಂದಳು.

ಬಿಸಿ ಕಾಫಿ ಕೊಟ್ಟು, ತಲೆ ಒರೆಸುತ್ತಾ ಕೇಳಿದೆ. "ಅಷ್ಟೊಂದು ಹಟ ಬರೀ ಸಹಿಗಾ?"

ಅವಳು ಕಾಲಿನಿಂದ ಪ್ಲಾಸ್ಟಿಕ್ ಚೀಲ ಎಳೆಯುತ್ತಿದ್ದಳು. "ಅಲ್ಲಿ ಚಳಿಗಾಲ ಪೂರ್ತಿ ಎಲ್ರೂ ಮುಖಕ್ಕೆ ಉಣ್ಣೆ ಸುತ್ಕೊಂಡೇ ಓಡಾಡ್ತಾರೆ ಅತ್ತಿಗೆ. ರೂಮಲ್ಲಿ ನಾನೊಬ್ಳೇ. ಯಾರಾದ್ರೂ ಬಾಗಿಲು ತೆಗೆದಾಗ ಮಾತ್ರ ಒಂದು ಪೂರ್ತಿ ಮುಖ ಕಾಣ್ತಿತ್ತು." ಚೀಲ ಬಿಡಿಸಿಕೊಂಡು ಬೆರಳುಗಳನ್ನು ಅಲ್ಲಾಡಿಸಿದಳು. "ನೋಡಿ, ಕಾಲು ಒಣಗೇ ಇದೆ. ನೀವೆಲ್ಲ ನಗ್ತಿದ್ರಿ."

ನಾನು ಅವಳ ತಲೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒರೆಸಿದೆ.

ಸಂಜೆ ಮಳೆ ನಿಂತಿತ್ತು. ಕೊಡೆಯನ್ನು ಒಣಗಿಸಿ, ಮಡಿಕೆ ಸರಿಮಾಡಿ, ಕರಿಬೇವಿನ ಕುಂಡದ ಪಕ್ಕ ನಿಂತು ಗೋಡೆಯಾಚೆ ಚಾಚಿದೆ. ಸೆಲ್ವಿ ಅಕ್ಕ ನೆನೆದ ಬಟ್ಟೆಗಳನ್ನು ಮತ್ತೆ ಹಿಂಡುತ್ತಿದ್ದವರು ಕೈ ನೀಡಲಿಲ್ಲ. ತಲೆಯನ್ನೂ ಎತ್ತದೆ ಹೇಳಿದರು:

"ಗೋಡೆ ಮೇಲಿಂದ ಬೇಡ್ವಂತೆ ಲಾ. ನಾಳೆ ಆ ಹುಡುಗೀನೇ ತಂದ್ಕೊಡ್ಬೇಕಂತೆ. ಮುಖ ನೋಡ್ದೆ ಅಮ್ಮ ಇಸ್ಕೊಳ್ಳಲ್ವಂತೆ."