ಸ್ಟುಡಿಯೋ ಗಾಜಿಗೆ ಬಿದ್ದ ಪೈಪೋಟಿ

ಕ್ಯಾಮೆರಾ ಹೆಗಲಿಗೇರಿಸಿ ರೂಮು ಬಿಟ್ಟರೆ ಸಾಕು, ತುಮಕೂರಿನ ಯಾವುದಾದರೂ ಮೂಲೆಯಲ್ಲಿ ನನಗೆ ಅಂತಲೇ ಒಂದು ಎಡವಟ್ಟು ಕಾಯ್ತಾ ಕೂತಿರುತ್ತೆ. ತಪ್ಪು ನಂದಲ್ಲ. ಗುಬ್ಬಿ, ಕುಣಿಗಲ್ ಎರಡೂ ಕಡೆ ಹುಡುಕಿದರೂ ನನ್ನಂಗೆ ಮದುವೆ ಫೋಟೋ ತೆಗೆಯೋ ಗಂಡು ಇನ್ನೊಬ್ಬ ಸಿಗಲ್ಲ. ತಪ್ಪೆಲ್ಲ ನಮ್ಮ ಸ್ಟುಡಿಯೋದ ಇನ್ನೊಬ್ಬ ಫೋಟೋಗ್ರಾಫರ್‌ದು. ಸಿಟಿ ಹುಡುಗ, ಊದುಬತ್ತಿ ಕಡ್ಡಿ ಥರ ಇದಾನೆ. ಮುಹೂರ್ತ ಇಲ್ಲದ ದಿನ ಬೀದಿ ಬೀದಿ ಅಲೆದು ಜನರ ಫೋಟೋ ತೆಗೀತಾನೆ. ಏನೋ ಇದು ಅಂದರೆ "ಪರ್ಸನಲ್ ಪ್ರಾಜೆಕ್ಟ್" ಅಂತಾನೆ.

ಒಂದು ದಿನ ಓನರ್ ಅವನು ತೆಗೆದ ಬೀದಿ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಅಂಗಡಿ ಮುಂದಿನ ಗಾಜಿನೊಳಗೆ ಇಟ್ಟುಬಿಟ್ಟರು. ಅಲ್ಲಿಯವರೆಗೂ ಆ ಜಾಗದಲ್ಲಿ ನಾನು ತೆಗೆದ ಮದುಮಗಳಿದ್ದಳು. ಅವತ್ತು ರಾಗಿಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ. ಆ ಗಾಜು ನನಗೆ ವಾಪಸ್ ಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಬೀದಿ ಫೋಟೋ ತಾನೆ? ನಾನೂ ತೆಗೀತೀನಿ.

ಅವ್ವ ಯಾರ ಪಾರ್ಟಿ?

ಗಾಜಿನಲ್ಲಿಟ್ಟ ಅವನ ಫೋಟೋ ಏನು ಗೊತ್ತಾ? ಬಸ್ ಸ್ಟ್ಯಾಂಡಲ್ಲಿ ನಿಂತ ಮಳೆನೀರು, ಪಕ್ಕದಲ್ಲಿ ಒಂಟಿ ಚಪ್ಪಲಿ. ಅಷ್ಟೇ! ಹೊಟ್ಟೆ ಉರಿದು ಊರಿಗೆ ಫೋನ್ ಮಾಡಿದೆ.

"ಅವ್ವ, ಒಂಟಿ ಚಪ್ಪಲಿ ತೆಗ್ದವ್ನೆ. ಅದೂ ಒಂದು ಫೋಟೋನಾ?"

"ನೋಡ್ದೆ ಕಣೋ. ಪಾಪ ಯಾರೋ, ಬಸ್ ಹತ್ತೋ ಆತ್ರದಲ್ಲಿ ಬಿಟ್ಟೋಗವ್ರೆ. ಕಣ್ಣಲ್ ನೀರೇ ಬಂತು."

"ನೀನೆಲ್ ನೋಡ್ದೆ?"

"ಫೋನಲ್ಲಿ. ಆ ಹುಡ್ಗನ್ನ ಫಾಲೋ ಮಾಡ್ಕೊಂಡಿದೀನಿ."

"ನನ್ನ ಮಾಡಿಲ್ವಲ್ಲ!"

"ಹುಟ್ಟಿದಾಗಿಂದ ನಿನ್ ಹಿಂದೆ ಸುತ್ತಿದ್ದು ಸಾಲ್ದೇನ್ಲಾ?"

ಹೂವಿನ ಮಾರ್ಕೆಟ್ ಗ್ರೂಪ್ ಫೋಟೋ

ಬೀದಿ ಫೋಟೋದಲ್ಲಿ ಜನಕ್ಕೆ ಗೊತ್ತಾಗದ ಹಾಗೆ ಕ್ಲಿಕ್ ಮಾಡಬೇಕಂತೆ. ಅವನಿಗೆ ಸುಲಭ, ಲೈಟ್ ಕಂಬದ ಹಿಂದೆ ನಿಂತರೆ ಕಂಬವೇ ದಪ್ಪ ಕಾಣುತ್ತೆ. ನಾನು ಆರಡಿ ಆಳು, ಎಲ್ಲಿ ಬಚ್ಚಿಟ್ಟುಕೊಳ್ಳಲಿ?

ಬೆಳಗಿನ ಹೊತ್ತು ಮಾರ್ಕೆಟ್‌ಗೆ ಹೋದೆ. ಒಬ್ಬ ಅಕ್ಕ ತಲೆ ಬಗ್ಗಿಸಿ ಸೇವಂತಿಗೆ ಕಟ್ತಾ ಇದ್ದಳು. ಬೆಳಕು ಕೆನ್ನೆ ಮೇಲೆ ಬಿದ್ದು ಏನು ಚೆಂದ ಅಂತೀರಾ! ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅಷ್ಟರಲ್ಲಿ ಬಾಯಿ ತನ್ನಷ್ಟಕ್ಕೆ ತಾನೇ ಕೂಗಿತು: "ಅಕ್ಕ, ಇತ್ತ ನೋಡಿ, ಗಲ್ಲ ಸ್ವಲ್ಪ ಕೆಳಗೆ!"

ಮುಗೀತು. ಅಕ್ಕ ಸೆರಗು ಸರಿಮಾಡಿಕೊಂಡಳು. "ಬಾರೇ, ಫೋಟೋ ತೆಗೀತವ್ರೆ" ಅಂತ ಪಕ್ಕದವಳನ್ನು ಕರೆದಳು. ಸೊಪ್ಪಿನವರು, ನಿಂಬೆಹಣ್ಣಿನವರು, ಎಲ್ಲರೂ ಬಂದರು. ನನ್ನ ಕೈಯೂ ಸುಮ್ಮನಿರಲಿಲ್ಲ, ಕುಳ್ಳರನ್ನು ಮುಂದೆ ಕೂರಿಸಿ ಉದ್ದದವರನ್ನು ಹಿಂದೆ ನಿಲ್ಲಿಸಿತು. "ಹೆಣ್ಣಿನ ಕಡೆಯೋರು ಆಯ್ತು, ಗಂಡಿನ ಕಡೆಯೋರು ಬೇಗ ಬನ್ನಿ" ಅಂತ ಕೂಗಿದ್ದೂ ನಾನೇ.

ಮೂಟೆ ಹೊರೋ ಅಣ್ಣ ಒಬ್ಬ ಸಾಲಿನಲ್ಲಿ ನೆಟ್ಟಗೆ ನಿಂತು ಕೇಳಿದ: "ಊಟ ಯಾವ್ ಕಡೆ ಸಾರ್?"

ಎಳನೀರು ತಾತ

ಕೊನೆಗೂ ಒಂದು ಸಿಕ್ತು. ಕಾಲೇಜ್ ಗೇಟ್ ಹತ್ತಿರ ಕುಣಿಗಲ್ ಕಡೆಯ ತಾತ ಒಬ್ಬರು ಗಾಡಿಯಲ್ಲಿ ಎಳನೀರು ಮಾರ್ತಾರೆ. ನಾನು ಬಾಯಿಗೆ ಕರ್ಚೀಫ್ ಕಟ್ಟಿಕೊಂಡೇ ಹೋಗಿದ್ದೆ, ಮಾತು ಹೊರಗೆ ಬರಬಾರದು ಅಂತ. ತಾತ ಮಚ್ಚು ಎತ್ತಿ ಗದರಿಸಿದರು: "ಕುಡಿಯಂಗಿದ್ರೆ ಕುಡಿ, ಇಲ್ಲಾಂದ್ರೆ ದಾರಿ ಬುಡು!" ಕ್ಲಿಕ್.

ಸಿಟಿ ಹುಡುಗ ಫೋಟೋನ ಎರಡೆರಡು ಸಲ ಜೂಮ್ ಮಾಡಿ ನೋಡಿದ. ಆಮೇಲೆ, "ಸೂಪರ್ ಕಣೋ. ಬ್ಲ್ಯಾಕ್ ಅಂಡ್ ವೈಟ್ ಮಾಡು, ಮುಖ ಎದ್ದು ಬರುತ್ತೆ" ಅಂದ. ಮನಸಾರೆ ಹೇಳಿದ. ಅದು ಇನ್ನೂ ಜಾಸ್ತಿ ಉರೀತು. ಹೊಟ್ಟೆಕಿಚ್ಚು ಪಡೋಕೂ ಬರದವನ ಜೊತೆ ಹೆಂಗಪ್ಪ ಪೈಪೋಟಿ ಮಾಡೋದು?

ಹಾರ

ಊರಿನ ಫೋಟೋಗ್ರಾಫರುಗಳೆಲ್ಲ ಸೇರಿ ಒಂದು ಹಾಲ್‌ನಲ್ಲಿ ಪ್ರದರ್ಶನ ಇಟ್ಟೆವು. ಓನರ್ ನಮ್ಮಿಬ್ಬರನ್ನೂ ಕರೆದು, "ಯಾರ ಫೋಟೋ ಮುಂದೆ ಜನ ಜಾಸ್ತಿ ಹೊತ್ತು ನಿಲ್ತಾರೋ ಅವನಿಗೇ ಗಾಜು" ಅಂದರು.

ತಾತನ ಮುಖವನ್ನು ದೊಡ್ಡ ಫ್ರೇಮ್ ಹಾಕಿಸಿ ತೂಗುಹಾಕಿದೆ. ಜನ ನನ್ನದನ್ನು ದಾಟಿಕೊಂಡು ಅವನ ಫೋಟೋ ಮುಂದೆ ಗುಂಪುಗೂಡಿದರು. ನೋಡ್ತಾ ನೋಡ್ತಾ ಮೈಯೆಲ್ಲ ಬೆಂಕಿ. ಉದ್ಘಾಟನೆ ಮಾಡಿದ ಅತಿಥಿ ತಮಗೆ ಹಾಕಿದ್ದ ಹಾರವನ್ನು ಕುರ್ಚಿ ಮೇಲೆ ಬಿಟ್ಟು ಹೋಗಿದ್ದರು. ಎತ್ತಿ ನನ್ನ ಫ್ರೇಮಿಗೆ ಹಾಕಿದೆ. ಮದುವೆ ಫೋಟೋ ತೆಗೆದು ತೆಗೆದು ನನ್ನ ತಲೆಯಲ್ಲಿ ಹಾರ ಅಂದರೆ ಮದುಮಗ, ಅಷ್ಟೇ.

ಕೆಲಸ ಮಾಡ್ತು ನೋಡಿ! ಜನ ನಿಂತರು. ಮಾತು ನಿಲ್ಲಿಸಿದರು. ಕೆಲವರು ಚಪ್ಪಲಿ ಬಿಟ್ಟರು. ಕಲೆ ಅಂದರೆ ಇದು ಅಂದುಕೊಂಡೆ. ಯಾರೋ ಊದುಬತ್ತಿ ಹಚ್ಚಿಟ್ಟರು. ವಯಸ್ಸಾದ ಅಮ್ಮ ಒಬ್ಬರು ಬಂದು, "ನಿಮ್ ತಾತನಾ?" ಅಂದರು.

"ಅಲ್ಲಮ್ಮ, ಎಳನೀರು ಮಾರ್ತಾರೆ. ದಿನಾ ಕಾಲೇಜ್ ಗೇಟ್ ಹತ್ರ ನಿಂತಿರ್ತಾರೆ."

ಅವರು ನನ್ನ ಬೆನ್ನು ಸವರಿದರು. "ಇನ್ನೂ ಅಲ್ಲೇ ನಿಂತಂಗೇ ಅನ್ನಿಸ್ತದೆ ಕಣಪ್ಪ. ಸಮಾಧಾನ ಮಾಡ್ಕೊ."

ಆಗ ನನಗೆ ಹೊಳೀತು. ಹಾರ ಕೀಳೋಣ ಅಂತ ತಿರುಗಿದರೆ ಬಾಗಿಲಲ್ಲಿ ಬಿಳಿ ಪಂಚೆ ಉಟ್ಟುಕೊಂಡು ತಾತನೇ ನಿಂತಿದ್ದರು. ಬನ್ನಿ ಅಂತ ಕರೆದಿದ್ದವನೂ ನಾನೇ. ಫೋಟೋ ನೋಡಿದರು, ಹಾರ ನೋಡಿದರು, ಊದುಬತ್ತಿ ನೋಡಿದರು.

"ನಾನ್ ಯಾವಾಗ್ಲಾ ಸತ್ತೆ?"

ತಾತ ಹಾರ ಕಿತ್ತು ನನ್ನ ಕುತ್ತಿಗೆಗೆ ಹಾಕಿದರು. "ನೀನೇ ಮಡಿಕ್ಕೊ. ನಂಗಿನ್ನೂ ಮಾರಕ್ಕೆ ಗಾಡಿ ತುಂಬ ಕಾಯಿ ಅವೆ." ನಾನು ಕೈ ಮುಗಿದೆ. ಪಕ್ಕದಲ್ಲಿ ಕ್ಲಿಕ್ ಅಂತು.

ಈಗ ಗಾಜಿನೊಳಗೆ ನಾನೇ ಇದೀನಿ. ತೆಗೆದವನು ಅವನು. ಬ್ಲ್ಯಾಕ್ ಅಂಡ್ ವೈಟು, ಹಾರ, ಮುಗಿದ ಕೈ. ಮೊನ್ನೆ ಗುಬ್ಬಿ ಕಡೆಯವರು ಮದುವೆ ಫೋಟೋಗೆ ಹೇಳೋಕೆ ಬಂದು ಅದನ್ನು ನೋಡಿ ನಿಂತುಬಿಟ್ಟರು.

"ಅಯ್ಯೋ, ನಮ್ ಅಣ್ಣನ ಮದ್ವೆಗೆ ಬಂದಿದ್ದ ಹುಡ್ಗ! ಪಾಪ, ಏನಾಗಿತ್ತಂತೆ?"

ಓನರ್ ತಲೆ ಎತ್ತದೆ ಹೇಳಿದರು: "ಹೊಟ್ಟೆಕಿಚ್ಚು."